ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ: ಯಾವ ಕಾಗದ ಯಾರ ಕೈಲಿ?

ಹೋದ ವರ್ಷ ನಮ್ಮ ಆರು ಜನ ಬಿ.ಎಡ್. ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಅಂತ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದರು. ಕೈಯಲ್ಲಿ ವಿಭಾಗದ ಪತ್ರವಿತ್ತು. ಸಹಿ, ಮೊಹರು ಎಲ್ಲ ಸರಿಯಾಗಿತ್ತು. ಹೆಡ್ ಮೇಷ್ಟ್ರು ಅದನ್ನು ಪೂರ್ತಿ ಓದಿದರು, ಮಡಿಸಿ ವಾಪಸ್ ಕೊಟ್ಟರು, "ಬಿಇಒ ಆದೇಶ ಎಲ್ಲಿ?" ಅಂದರು. ಬಿಇಒ, ಅಂದರೆ ತಾಲೂಕಿನ ಶಿಕ್ಷಣಾಧಿಕಾರಿ, ಕಚೇರಿಯಲ್ಲಿ ವಿಚಾರಿಸಿದರೆ ಅವರ ಮೇಲಿನ ಜಿಲ್ಲಾ ಅಧಿಕಾರಿಯಾದ ಡಿಡಿಪಿಐ ಕಚೇರಿಯಿಂದ ಬರಬೇಕು ಅನ್ನುವ ಉತ್ತರ. ಮೂರು ದಿನ ಆ ಆರು ಜನ ಶಾಲೆಯ ಜಗಲಿಯಲ್ಲಿ ಕೂತು ಪಾಠಯೋಜನೆ ಬರೆದರು.

ಹೆಡ್ ಮೇಷ್ಟ್ರು ಮಾಡಿದ್ದರಲ್ಲಿ ತಪ್ಪಿಲ್ಲ. ಅವರ ಶಾಲೆ ಶಾಲಾ ಶಿಕ್ಷಣ ಇಲಾಖೆಯದು. ವಿಶ್ವವಿದ್ಯಾಲಯ ಉನ್ನತ ಶಿಕ್ಷಣ ಇಲಾಖೆಯ ಕಡೆ ಬರುತ್ತದೆ. ನಮ್ಮ ಮೊಹರಿಗೆ ಅವರ ಗೇಟಿನೊಳಗೆ ಅಧಿಕಾರ ಇಲ್ಲ. ಆದರೆ ಆ ಮೂರು ದಿನ ನಮ್ಮ ವಿದ್ಯಾರ್ಥಿಯೊಬ್ಬಳು ಫೋನ್ ಮಾಡಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ: "ಹಾಗಾದ್ರೆ ನಮ್ಮ ಡಿಪಾರ್ಟ್‌ಮೆಂಟ್ ಯಾರ ಕೈಲಿದೆ?"

ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ. ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯ ಅದರ ಕಟ್ಟಡದಲ್ಲೇ ಇರುತ್ತದೆ, ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಶಿಕ್ಷಣ ವಿಭಾಗದ ಪ್ರಯೋಗಾಲಯ ಅಂದರೆ ಊರಿನ ಶಾಲೆ. ಅಲ್ಲಿ ನಾವು ನೆಂಟರು. ಇನ್ನು ನಮ್ಮನ್ನು ಆಳುವ ಸಮಿತಿಗಳಲ್ಲಿ ಕೂತವರು ಆ ಶಾಲೆಯ ಒಳಗೆ ಕಾಲಿಡುವುದು ಅಪರೂಪ. ಈ ವಿಭಾಗದ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ ಅಂತ ನನ್ನ ನಂಬಿಕೆ. ಅದಕ್ಕೆ ಒಂದೊಂದು ಕಾಗದ ಹಿಡಿದು, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ನೋಡೋಣ.

ಮೊದಲು ಹೆಸರಿನ ಗೊಂದಲ. "ಶಿಕ್ಷಣ ವಿಭಾಗ"ದಲ್ಲಿ ಕೆಲಸ ಅಂದ ಕೂಡಲೇ ಜನ ನಮ್ಮನ್ನು ಶಿಕ್ಷಣ ಇಲಾಖೆಯವರು ಅಂದುಕೊಳ್ಳುತ್ತಾರೆ, ವರ್ಗಾವಣೆ ಬಗ್ಗೆ ಕೇಳುತ್ತಾರೆ. ಇಲಾಖೆ ಸರ್ಕಾರದ್ದು. ವಿಭಾಗ ವಿಶ್ವವಿದ್ಯಾಲಯದ್ದು. ಕನ್ನಡ ವಿಭಾಗ, ಇತಿಹಾಸ ವಿಭಾಗ ಇದ್ದ ಹಾಗೆ ಇದೂ ಒಂದು. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇಲ್ಲೆಲ್ಲ ಶಿಕ್ಷಣ ವಿಭಾಗಗಳಿವೆ. ಇಂಥ ಸ್ನಾತಕೋತ್ತರ ವಿಭಾಗದ ಮುಖ್ಯ ಕೆಲಸ ಎಂ.ಎಡ್. ಮತ್ತು ಪಿಎಚ್.ಡಿ. ಕೆಲವು ಕಡೆ ಬಿ.ಎಡ್. ಕೂಡ ವಿಭಾಗದಲ್ಲೇ ನಡೆಯುತ್ತದೆ, ಕೆಲವು ಕಡೆ ವಿಶ್ವವಿದ್ಯಾಲಯದ್ದೇ ಬೇರೆ ಬಿ.ಎಡ್. ಕಾಲೇಜು ಇರುತ್ತದೆ. ಇವೆರಡರ ಆಚೆಗೆ ಊರೂರಲ್ಲಿ ಇರುವ ಖಾಸಗಿ, ಅನುದಾನಿತ, ಸರ್ಕಾರಿ ಬಿ.ಎಡ್. ಕಾಲೇಜುಗಳು. ಅವು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡವು ಅಷ್ಟೆ. ಪಠ್ಯಕ್ರಮ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು, ಕಟ್ಟಡ ಮತ್ತು ಸಂಬಳ ಅವರವರದ್ದು.

ಡಿ.ಎಡ್., ಅಂದರೆ ಹಿಂದೆ ಎಲ್ಲರೂ ಟಿ.ಸಿ.ಎಚ್. ಅನ್ನುತ್ತಿದ್ದದ್ದು, ಈಗ ಡಿ.ಎಲ್.ಎಡ್. ಆಗಿರುವುದು, ಇದಕ್ಕೂ ವಿಶ್ವವಿದ್ಯಾಲಯಕ್ಕೂ ಸಂಬಂಧ ಇಲ್ಲ. ಅದು ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು), ಖಾಸಗಿ ತರಬೇತಿ ಸಂಸ್ಥೆಗಳು, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ), ಈ ಸಾಲಿನದು. ಇದನ್ನು ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಈಗ ವಿಭಾಗದ ಒಳಗೆ ಬನ್ನಿ. ಬಾಗಿಲ ಪಕ್ಕದ ಫಲಕದಲ್ಲಿ "ಅಧ್ಯಕ್ಷರು" ಅಂತ ಇರುತ್ತದೆ. ಹೊಸಬರಿಗೆ ಇದು ಕಂಪನಿ ಮ್ಯಾನೇಜರ್ ತರಹದ ಹುದ್ದೆ ಅನ್ನಿಸಬಹುದು. ಹಾಗಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇದು ಸರದಿಯ ಮೇಲೆ ಬರುವ ಹೊಣೆ. ಹಿರಿತನದ ಪ್ರಕಾರ ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಬ್ಬರು. ಅವಧಿ ಮುಗಿದ ಮರುದಿನ ಅವರೇ ಸಹೋದ್ಯೋಗಿಗಳ ಸಾಲಿನಲ್ಲಿ ಕೂತಿರುತ್ತಾರೆ. ಅಧ್ಯಕ್ಷರು ವೇಳಾಪಟ್ಟಿ ಹಾಕಬಹುದು, ಮೇಲ್ವಿಚಾರಕರನ್ನು ಶಾಲೆಗಳಿಗೆ ಹಂಚಬಹುದು, ಹಾಜರಾತಿ ಕಡಿಮೆ ಇದ್ದವರನ್ನು ಕರೆದು ಮಾತಾಡಬಹುದು, ಸಣ್ಣಪುಟ್ಟ ಖರ್ಚಿಗೆ ಬಿಲ್ ಕಳಿಸಬಹುದು. ಹೊಸ ಮೇಷ್ಟ್ರನ್ನು ಖಾಯಂ ಆಗಿ ನೇಮಿಸುವಂತಿಲ್ಲ. ಫೀಸು ಬದಲಿಸುವಂತಿಲ್ಲ. ಸೀಟು ಹೆಚ್ಚಿಸುವಂತಿಲ್ಲ. ಒಂದು ಪತ್ರಿಕೆಯ, ಅಂದರೆ ಕೋರ್ಸಿನ ಒಂದು ವಿಷಯದ, ಹೆಸರು ತಿದ್ದುವುದಕ್ಕೂ ಅವರೊಬ್ಬರಿಂದ ಆಗುವುದಿಲ್ಲ.

ಎರಡು ವರ್ಷ ಅನ್ನುವುದು ಬಿ.ಎಡ್. ಕೋರ್ಸಿನಷ್ಟೇ ಅವಧಿ. ಅಂದರೆ ಒಬ್ಬ ಅಧ್ಯಕ್ಷರು ತಾವು ಸೇರಿಸಿಕೊಂಡ ಒಂದೇ ಒಂದು ತಂಡ ಪಾಸಾಗಿ ಹೋಗುವಷ್ಟರಲ್ಲಿ ಕುರ್ಚಿ ಬಿಟ್ಟಿರುತ್ತಾರೆ. ಸರದಿ ಪದ್ಧತಿಯಿಂದ ಒಬ್ಬರ ದರ್ಬಾರು ನಡೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಶಾಲೆಗಳ ಜೊತೆ ಬೆಳೆಸಿಕೊಂಡ ನಂಟು ಮಾತ್ರ ಪ್ರತಿ ಸಲ ಮೊದಲಿಂದ ಶುರುವಾಗಬೇಕಾಗುತ್ತದೆ. ಯಾವ ಹೆಡ್ ಮೇಷ್ಟ್ರು ನಮ್ಮ ಹುಡುಗರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾವ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲ ಅನ್ನುವ ಮಾಹಿತಿ ಫೈಲಿನಲ್ಲಿ ಇರುವುದಿಲ್ಲ, ಹಿಂದಿನ ಅಧ್ಯಕ್ಷರ ಫೋನಿನಲ್ಲಿ ಇರುತ್ತದೆ.

ಅಧ್ಯಕ್ಷರ ಜೊತೆಗೆ ವಿಭಾಗದ ಮಂಡಳಿ, ನಾವು ಕರೆಯುವುದು ಡಿಪಾರ್ಟ್‌ಮೆಂಟ್ ಕೌನ್ಸಿಲ್. ಖಾಯಂ ಅಧ್ಯಾಪಕರೆಲ್ಲ ಇದರಲ್ಲಿ ಇರುತ್ತಾರೆ. ಯಾರಿಗೆ ಯಾವ ಪತ್ರಿಕೆ, ಯಾವ ಪಿಎಚ್.ಡಿ. ವಿದ್ಯಾರ್ಥಿಗೆ ಯಾವ ಮಾರ್ಗದರ್ಶಕರು, ಇಂಟರ್ನ್‌ಶಿಪ್ ಯಾವಾಗ, ಇವೆಲ್ಲ ಇಲ್ಲಿ ತೀರ್ಮಾನ ಆಗುತ್ತವೆ. ಈ ಸಭೆಯ ನಡಾವಳಿ ಪುಸ್ತಕ ಅಂದರೆ ವಿಭಾಗದ ನಿಜವಾದ ನೆನಪು. ನಾನು ಸೇರಿದ ಹೊಸದರಲ್ಲಿ ಅದನ್ನು ಗುಮಾಸ್ತರ ಕೆಲಸ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಡಾವಳಿಯಲ್ಲಿ ಬರೆಯದ ಮಾತು ಮುಂದೆ ಯಾವ ಕಚೇರಿಯಲ್ಲೂ ಮಾತೇ ಅಲ್ಲ.

ಒಳಗಿನ ಅಧ್ಯಾಪಕರ ಲೆಕ್ಕ ಹಾಕಿದ್ದು ವಿಶ್ವವಿದ್ಯಾಲಯ ಅಲ್ಲ. ಇಲ್ಲಿ ಮೊದಲ ಬಾರಿಗೆ ದೆಹಲಿ ಬರುತ್ತದೆ. ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, 1973ರಿಂದ ಸಲಹೆ ಕೊಡುವ ಸಂಸ್ಥೆಯಾಗಿ ಇತ್ತು. ಸಲಹೆಯನ್ನು ಕೇಳಲೇಬೇಕೆಂಬ ನಿಯಮ ಇರಲಿಲ್ಲ. 1993ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 1995ರ ಆಗಸ್ಟ್ 17ರಿಂದ ಅದು ಅಧಿಕಾರ ಇರುವ ಸಂಸ್ಥೆಯಾಯಿತು. ಅಂದಿನಿಂದ ಮಾನ್ಯತೆ ಇಲ್ಲದೆ ಬಿ.ಎಡ್., ಎಂ.ಎಡ್. ನಡೆಸುವ ಹಾಗಿಲ್ಲ. ಈ ಮಾತು ನೂರು ವರ್ಷ ದಾಟಿದ ಮೈಸೂರು ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ, ನಿನ್ನೆ ಶುರುವಾದ ಕಾಲೇಜಿಗೂ ಅನ್ವಯಿಸುತ್ತದೆ.

2014ರ ಎನ್‌ಸಿಟಿಇ ನಿಯಮಾವಳಿ ತೆಗೆದು ನೋಡಿ. ಬಿ.ಎಡ್. ತರಗತಿಯ ಒಂದು ಘಟಕ ಅಂದರೆ 50 ವಿದ್ಯಾರ್ಥಿಗಳು. ಎರಡು ಘಟಕ ಇದ್ದು ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಾದರೆ 16 ಪೂರ್ಣಾವಧಿ ಅಧ್ಯಾಪಕರು ಬೇಕು. ಮುಖ್ಯಸ್ಥರು ಒಬ್ಬರು. ಶಿಕ್ಷಣದ ತತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಇಂಥವನ್ನು ಹೇಳಿಕೊಡುವವರು 4 ಜನ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡುವವರು, ನಾವು ಮೆಥಡ್ ಮೇಷ್ಟ್ರು ಅನ್ನುವವರು, 8 ಜನ. ದೈಹಿಕ ಶಿಕ್ಷಣಕ್ಕೆ ಒಬ್ಬರು, ಚಿತ್ರಕಲೆಗೆ ಒಬ್ಬರು, ಸಂಗೀತ-ನಾಟಕದ ಕಡೆಯವರು ಒಬ್ಬರು. ಒಂದೇ ಘಟಕ ಇದ್ದರೆ ಒಟ್ಟು 8 ಜನ ಸಾಕು. ಎಂ.ಎಡ್.ಗೆ 50 ವಿದ್ಯಾರ್ಥಿಗಳಿಗೆ 10 ಜನ: ಇಬ್ಬರು ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, 6 ಸಹಾಯಕ ಪ್ರಾಧ್ಯಾಪಕರು. ಅಷ್ಟೇ ಅಲ್ಲ, ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ, ತರಗತಿಗೆ 80% ಹಾಜರಾತಿ, ಶಾಲೆಯ ಇಂಟರ್ನ್‌ಶಿಪ್‌ಗೆ 90% ಹಾಜರಾತಿ, ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿ, ಮೊದಲ ವರ್ಷ 4, ಎರಡನೇ ವರ್ಷ 16. ಬೇರೆ ಎಂ.ಎ. ವಿಭಾಗಗಳಿಗೆ ಇಷ್ಟು ಬಿಗಿಯಾದ ಲೆಕ್ಕವನ್ನು ಹೊರಗಿನವರು ಹಾಕಿಕೊಡುವುದಿಲ್ಲ.

ಈ ನಿಯಮಾವಳಿ ಸುಮ್ನೆ ಬಂದದ್ದಲ್ಲ. ಬಿ.ಎಡ್. ಕಾಲೇಜುಗಳು ಅಣಬೆಯ ಹಾಗೆ ಎದ್ದು, ಪಾಠವೇ ನಡೆಯದೆ ಪದವಿ ಸಿಗುವ ಪರಿಸ್ಥಿತಿ ದೇಶದ ಹಲವು ಕಡೆ ಇತ್ತು. ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ ರಚನೆಯಾಯಿತು, 2012ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಲ್ಲೇ ಒಂದು ವರ್ಷದ ಬಿ.ಎಡ್. ಎರಡು ವರ್ಷ ಆಯಿತು, 2015ರಿಂದ ಜಾರಿಗೆ ಬಂತು. ಒಂದು ವರ್ಷದ ಕಾಲದಲ್ಲಿ ಪಾಠ ಮಾಡಿದವರು ಇದನ್ನು ಬೈದದ್ದು ನನಗೆ ಗೊತ್ತು. ಆದರೆ ಹತ್ತು ಪಾಠ ಕೊಟ್ಟು ಓಡಿಬರುವ ಕಾಲಕ್ಕೂ, ಒಂದೇ ತರಗತಿಯ ಮಕ್ಕಳ ಹೆಸರು ಬಾಯಿಗೆ ಬರುವಷ್ಟು ದಿನ ಶಾಲೆಯಲ್ಲಿ ಇರುವ ಈಗಿನ ಕಾಲಕ್ಕೂ ವ್ಯತ್ಯಾಸ ಇದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎನ್‌ಸಿಟಿಇ ನೇರವಾಗಿ ಎಲ್ಲರ ಅರ್ಜಿ ನೋಡುವುದಿಲ್ಲ. ನಾಲ್ಕು ಪ್ರಾದೇಶಿಕ ಸಮಿತಿಗಳಿವೆ. ನಮ್ಮದು ದಕ್ಷಿಣ ಪ್ರಾದೇಶಿಕ ಸಮಿತಿ. ಬಹಳ ವರ್ಷ ಇದರ ಕಚೇರಿ ಬೆಂಗಳೂರಿನ ನಾಗರಭಾವಿ ಕಡೆ ಇತ್ತು, ಏನಾದರೂ ತಕರಾರು ಬಂದರೆ ಬಸ್ಸು ಹತ್ತಿ ಹೋಗಿ ಕೇಳಿಬರಬಹುದಿತ್ತು. ಈಗ ಎಲ್ಲ ದೆಹಲಿಯಲ್ಲಿ. ಮಾನ್ಯತೆ ಕೊಡುವುದು, ಹೊಸ ಕೋರ್ಸಿಗೆ ಅಥವಾ ಹೆಚ್ಚಿನ ಸೀಟಿಗೆ ಅನುಮತಿ ಕೊಡುವುದು, ನಿಯಮ ಮುರಿದರೆ ನೋಟಿಸ್ ಕೊಟ್ಟು ಮಾನ್ಯತೆ ವಾಪಸ್ ಪಡೆಯುವುದು, ಇವು ಸಮಿತಿಯ ಕೆಲಸ. ಮಾನ್ಯತೆ ಹೋದ ಮೇಲೂ ಕೋರ್ಸು ನಡೆಸಿದರೆ ಅಲ್ಲಿ ಪಡೆದ ಪದವಿ ಸರ್ಕಾರಿ ಕೆಲಸಕ್ಕೆ ನಡೆಯುವುದಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಬಿ.ಎಡ್. ಸೇರುವ ಮೊದಲು ಎನ್‌ಸಿಟಿಇ ಜಾಲತಾಣದಲ್ಲಿ ಆ ಕಾಲೇಜಿನ ಹೆಸರು, ಕೋರ್ಸು, ಸೀಟಿನ ಸಂಖ್ಯೆ ಮೂರನ್ನೂ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಪಕ್ಕದ ಮನೆಯ ಹುಡುಗಿ ಕೇಳಿದರೂ ಇದೇ ಹೇಳುತ್ತೇನೆ.

ಹಾಗಾದರೆ ರಾಜ್ಯ ಸರ್ಕಾರ ಬೇಡ ಅಂದರೆ? ಮಹಾರಾಷ್ಟ್ರದಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿತ್ತು. ನಮ್ಮಲ್ಲಿ ಇಷ್ಟೊಂದು ಶಿಕ್ಷಕರು ಬೇಡ, ಹೊಸ ಬಿ.ಎಡ್. ಕಾಲೇಜು ಬೇಡ ಅಂತ ಅಲ್ಲಿನ ಸರ್ಕಾರ ಅಂದಿತು. 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಎನ್‌ಸಿಟಿಇ ಒಪ್ಪಿದ ಮೇಲೆ ರಾಜ್ಯ ತನ್ನ ನೀತಿಯ ನೆಪದಲ್ಲಿ ಅದನ್ನು ತಡೆಯುವಂತಿಲ್ಲ ಅಂತ. ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಕೇಂದ್ರ ಮತ್ತು ರಾಜ್ಯ ಇಬ್ಬರ ಪಟ್ಟಿಯಲ್ಲೂ ಇದೆ. ಉನ್ನತ ಶಿಕ್ಷಣದ ಗುಣಮಟ್ಟದ ವಿಷಯ ಮಾತ್ರ ಕೇಂದ್ರದ್ದೇ. ಹಾಗಾಗಿ ಮಟ್ಟ ಎಷ್ಟಿರಬೇಕು ಅನ್ನುವ ಕಡೆ ದೆಹಲಿಯ ಮಾತೇ ಕೊನೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಇದೆಯಲ್ವಾ, ಅಧ್ಯಾಪಕರ ಹುದ್ದೆಯ ವಿಷಯದಲ್ಲಿ ಅದೇ ಆಗುತ್ತದೆ. 16 ಜನ ಬೇಕು ಅನ್ನುವುದು ಎನ್‌ಸಿಟಿಇ. ಸಂಬಳ ಕೊಡುವುದು ಎನ್‌ಸಿಟಿಇ ಅಲ್ಲ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಖಾಯಂ ಹುದ್ದೆಯ ಸಂಬಳ ರಾಜ್ಯದ ಬೊಕ್ಕಸದಿಂದ ಬರಬೇಕು. ಒಬ್ಬ ಪ್ರಾಧ್ಯಾಪಕರು ನಿವೃತ್ತರಾದರು ಅನ್ನಿ. ಖಾಲಿ ಹುದ್ದೆಯ ವಿವರ ವಿಭಾಗದಿಂದ ಕುಲಸಚಿವರಿಗೆ, ಅಂದರೆ ರಿಜಿಸ್ಟ್ರಾರ್‌ಗೆ, ಹೋಗುತ್ತದೆ. ಮೀಸಲಾತಿ ರೋಸ್ಟರಿನಲ್ಲಿ ಆ ಹುದ್ದೆ ಯಾವ ವರ್ಗಕ್ಕೆ ಬೀಳುತ್ತದೆ ಅಂತ ನೋಡಬೇಕು. ಕಲಬುರಗಿ ಕಡೆಯ ವಿಶ್ವವಿದ್ಯಾಲಯವಾದರೆ ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿಯ ಲೆಕ್ಕವೂ ಸೇರಬೇಕು. ಅಲ್ಲಿಂದ ಉನ್ನತ ಶಿಕ್ಷಣ ಇಲಾಖೆ, ಅಲ್ಲಿಂದ ಆರ್ಥಿಕ ಇಲಾಖೆ. ಆರ್ಥಿಕ ಇಲಾಖೆ ಒಪ್ಪಿದ ಮೇಲೆ ಅಧಿಸೂಚನೆ, ಅರ್ಜಿ, ನೇಮಕಾತಿ ಮಂಡಳಿಯ ಸಂದರ್ಶನ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಿಗೆ. ಇದರ ಮಧ್ಯೆ ಯಾರಾದರೂ ಕೋರ್ಟಿಗೆ ಹೋದರೆ ಇನ್ನಷ್ಟು ವರ್ಷ.

ಅಷ್ಟರವರೆಗೆ ತರಗತಿ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಅತಿಥಿ ಉಪನ್ಯಾಸಕರು. ಇವರ ಬಗ್ಗೆ ನನಗೆ ತುಂಬಾ ಗೌರವ ಇದೆ, ಎಷ್ಟೋ ವಿಭಾಗಗಳಲ್ಲಿ ಸೂಕ್ಷ್ಮ ಬೋಧನೆಯಿಂದ (ಸಹಪಾಠಿಗಳ ಮುಂದೆ ಕೆಲವೇ ನಿಮಿಷದ ಪಾಠ ಮಾಡುವ ಅಭ್ಯಾಸ) ಹಿಡಿದು ಶಾಲೆಯ ಮೇಲ್ವಿಚಾರಣೆಯವರೆಗೆ ನಿಜವಾದ ಕೆಲಸ ಮಾಡುತ್ತಿರುವವರು ಇವರೇ. ಆದರೆ ಆಡಳಿತದ ಕಣ್ಣಿನಲ್ಲಿ ಇವರು ಇಲ್ಲದವರ ಲೆಕ್ಕ. ಅಧ್ಯಕ್ಷರ ಸರದಿ ಇವರಿಗೆ ಬರುವುದಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಖಾಯಂ ಅಧ್ಯಾಪಕರು ಮಾತ್ರ ಮಾರ್ಗದರ್ಶಕರಾಗಬಹುದು, ಅದೂ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ. ಖಾಯಂ ಹುದ್ದೆ ಖಾಲಿ ಬಿದ್ದ ಹಾಗೆಲ್ಲ ಸಂಶೋಧನೆಯ ಸೀಟು ತಾನಾಗಿಯೇ ಕಡಿಮೆಯಾಗುತ್ತದೆ. "ನಿಮ್ಮಲ್ಲಿ ಪಿಎಚ್.ಡಿ. ಸೀಟು ಯಾಕಿಲ್ಲ?" ಅಂತ ಕೇಳುವವರಿಗೆ ಉತ್ತರ ಆರ್ಥಿಕ ಇಲಾಖೆಯ ಕಡತದಲ್ಲಿ ಇರುತ್ತದೆ.

ಇನ್ನು ಪಠ್ಯಕ್ರಮ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸುವ ಬಗೆ ನಮ್ಮ ಕನ್ನಡ ಬೋಧನಾ ಪತ್ರಿಕೆಯಲ್ಲಿ ಒಂದು ಘಟಕವಾಗಿ ಬರಬೇಕು ಅಂತ ನಿಮಗೆ ಅನ್ನಿಸಿತು ಅಂದುಕೊಳ್ಳಿ. ಮೊದಲು ವಿಭಾಗದ ಮಂಡಳಿಯಲ್ಲಿ ಮಾತು. ಅಲ್ಲಿಂದ ಅಧ್ಯಯನ ಮಂಡಳಿ, ಎಲ್ಲರೂ ಬಿಒಎಸ್ ಅನ್ನುವುದು. ಇದರಲ್ಲಿ ವಿಭಾಗದವರು, ಬಿ.ಎಡ್. ಕಾಲೇಜಿನ ಅಧ್ಯಾಪಕರು, ಹೊರಗಿನ ವಿಶ್ವವಿದ್ಯಾಲಯದ ತಜ್ಞರು ಇರುತ್ತಾರೆ. ನಿಜವಾದ ಚರ್ಚೆ ಆಗುವುದು ಇಲ್ಲಿ ಮಾತ್ರ. ಯಾವುದನ್ನು ಸೇರಿಸಬೇಕು ಅನ್ನುವುದಕ್ಕಿಂತ ಯಾವುದನ್ನು ತೆಗೆಯಬೇಕು ಅನ್ನುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಯಾಕೆಂದರೆ ಪ್ರತಿ ಘಟಕದ ಹಿಂದೆಯೂ ಅದನ್ನು ಇಪ್ಪತ್ತು ವರ್ಷ ಪಾಠ ಮಾಡಿದವರೊಬ್ಬರು ಕೂತಿರುತ್ತಾರೆ.

ಬಿಒಎಸ್ ದಾಟಿದ್ದು ಶಿಕ್ಷಣ ನಿಕಾಯಕ್ಕೆ, ಅಂದರೆ ಫ್ಯಾಕಲ್ಟಿಗೆ, ಹೋಗುತ್ತದೆ, ಅದರ ಮುಖ್ಯಸ್ಥರೇ ಡೀನ್. ಕಲೆ, ವಿಜ್ಞಾನ, ವಾಣಿಜ್ಯದ ನಿಕಾಯಗಳಲ್ಲಿ ಹತ್ತಾರು ವಿಭಾಗ ಇರುತ್ತವೆ. ಶಿಕ್ಷಣ ನಿಕಾಯದಲ್ಲಿ ಎಷ್ಟೋ ಕಡೆ ಒಂದೆರಡೇ ವಿಭಾಗ, ಹಾಗಾಗಿ ಅದೇ ನಾಲ್ಕು ಜನ ಬೇರೆ ಬೇರೆ ಟೋಪಿ ಹಾಕಿಕೊಂಡು ಅದೇ ಕಾಗದವನ್ನು ಮತ್ತೆ ನೋಡಬೇಕಾಗುತ್ತದೆ. ಅಲ್ಲಿಂದ ವಿದ್ಯಾವಿಷಯಕ ಪರಿಷತ್ತು. ಇದು ಕುಲಪತಿಗಳ ಅಧ್ಯಕ್ಷತೆಯ ದೊಡ್ಡ ಸಭೆ, ಇಡೀ ವಿಶ್ವವಿದ್ಯಾಲಯದ ಎಲ್ಲ ವಿಷಯ ಇಲ್ಲಿಗೇ ಬರುತ್ತವೆ, ನಮ್ಮ ಘಟಕಕ್ಕೆ ಎರಡು ನಿಮಿಷ ಸಿಕ್ಕರೆ ಜಾಸ್ತಿ. ಪಠ್ಯದ ಒಳಗಿನ ತಿದ್ದುಪಡಿ ಇಲ್ಲಿಗೆ ಮುಗಿಯಬಹುದು. ಕೋರ್ಸಿನ ನಿಯಮಾವಳಿಯೇ ಬದಲಾಗಬೇಕಾದರೆ ಕಡತ ರಾಜ್ಯಪಾಲರ ಕಚೇರಿಯವರೆಗೂ ಹೋಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅವರೇ ಕುಲಾಧಿಪತಿ. ಉನ್ನತ ಶಿಕ್ಷಣ ಸಚಿವರು ಸಹ ಕುಲಾಧಿಪತಿ.

ಇವರ ಮಧ್ಯೆ ಸಿಂಡಿಕೇಟ್ ಎಲ್ಲಿ ಬರುತ್ತದೆ? ದುಡ್ಡು, ಆಸ್ತಿ, ನೇಮಕಾತಿ, ಶಿಸ್ತು, ಕಾಲೇಜುಗಳ ಸಂಯೋಜನೆ, ಇಂಥ ಆಡಳಿತದ ವಿಷಯಗಳಲ್ಲಿ. ಸರ್ಕಾರ ಮತ್ತು ರಾಜ್ಯಪಾಲರು ನಾಮನಿರ್ದೇಶನ ಮಾಡಿದ ಸದಸ್ಯರು ಅಲ್ಲಿರುತ್ತಾರೆ. ಓದಿನ ವಿಷಯ ವಿದ್ಯಾವಿಷಯಕ ಪರಿಷತ್ತಿಗೆ, ಆಡಳಿತದ ವಿಷಯ ಸಿಂಡಿಕೇಟಿಗೆ. ಇದೆಲ್ಲದರ ಚೌಕಟ್ಟು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000. ಕಲಬುರಗಿ ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆ, ಅಲ್ಲಿ ಸಿಂಡಿಕೇಟ್ ಬದಲು ಕಾರ್ಯಕಾರಿ ಮಂಡಳಿ, ಎಲ್ಲಕ್ಕೂ ಮೇಲೆ ರಾಷ್ಟ್ರಪತಿಗಳು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಖಾಸಗಿಯವಕ್ಕೆ ಅವುಗಳದೇ ಬೇರೆ ಕಾಯ್ದೆ. ಮೂರರಲ್ಲಿ ಯಾವುದೇ ಆಗಲಿ, ಬಿ.ಎಡ್. ಅಂದ ಕೂಡಲೇ ಎನ್‌ಸಿಟಿಇ ಬಾಗಿಲಿಗೆ ಬರಲೇಬೇಕು.

ಇಲ್ಲೊಂದು ಸಣ್ಣ ವಿಷಯ, ಬಹಳ ಜನ ಎಡವುವುದು ಇಲ್ಲಿ. ಎಂ.ಎಡ್. ಬೇರೆ, ಎಂ.ಎ. ಶಿಕ್ಷಣ ಬೇರೆ. ಮೊದಲನೆಯದು ಶಿಕ್ಷಕರನ್ನು ತಯಾರು ಮಾಡುವವರನ್ನು ತಯಾರು ಮಾಡುವ ವೃತ್ತಿ ಪದವಿ, ಎನ್‌ಸಿಟಿಇ ಮಾನ್ಯತೆ ಬೇಕು. ಎರಡನೆಯದು ಸಮಾಜಶಾಸ್ತ್ರದ ಎಂ.ಎ. ಇದ್ದ ಹಾಗೆ ಒಂದು ಅಧ್ಯಯನದ ವಿಷಯ. ಅದಕ್ಕೆ ಆ ಮಾನ್ಯತೆ ಬೇಕಿಲ್ಲ, ಅದನ್ನು ಮಾಡಿದರೆ ಶಾಲೆಯಲ್ಲಿ ಪಾಠ ಮಾಡುವ ಅರ್ಹತೆಯೂ ಬರುವುದಿಲ್ಲ. ಸೇರುವಾಗಲೇ ಕೇಳಿಕೊಳ್ಳಿ.

ಪರೀಕ್ಷೆಯ ಕಡೆ ವಿಭಾಗದ ಕೈ ಇನ್ನೂ ಚಿಕ್ಕದು. ಪ್ರಶ್ನೆಪತ್ರಿಕೆ ತಯಾರಿಗೆ ಪರೀಕ್ಷಾ ಮಂಡಳಿ, ಅಂದರೆ ಬಿಒಇ. ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ, ಅಂಕಪಟ್ಟಿ ಎಲ್ಲ ಮೌಲ್ಯಮಾಪನ ಕುಲಸಚಿವರದ್ದು. ಕುಲಸಚಿವರು ಅಂತ ಇನ್ನೊಬ್ಬರು ಇರುತ್ತಾರೆ, ಆಡಳಿತಕ್ಕೆ. ಅಂಕಪಟ್ಟಿ ತಡ ಆಯಿತು ಅಂತ ಆಡಳಿತ ಕುಲಸಚಿವರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ. ವಿಭಾಗದ ಕೈಯಲ್ಲಿ ಇರುವುದು ಆಂತರಿಕ ಅಂಕ: ಪಾಠಗಳು, ದಾಖಲೆ ಪುಸ್ತಕ, ಇಂಟರ್ನ್‌ಶಿಪ್. ಕೊನೆಯ ಪಾಠ ಪರೀಕ್ಷೆಗೆ ಹೊರಗಿನ ಪರೀಕ್ಷಕರೂ ಬರುತ್ತಾರೆ. ಅಂಕದಲ್ಲಿ ಅನ್ಯಾಯ ಆಗಿದೆ ಅನ್ನಿಸಿದರೆ ಮೊದಲು ಯಾವ ಅಂಕ ಅಂತ ನೋಡಿ, ಅದರ ಮೇಲೆ ಬಾಗಿಲು ಗೊತ್ತಾಗುತ್ತದೆ.

ಇನ್ನು ದೂರು. ಯುಜಿಸಿಯ 2023ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ದೂರು ಕೇಳಲೆಂದೇ ನೇಮಿಸಿದವರಿಗೆ, ಮೇಲ್ಮನವಿ. ಇದನ್ನು ಬಳಸುವವರು ತುಂಬಾ ಕಡಿಮೆ. ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಧ್ಯಕ್ಷರ ಕೊಠಡಿಯಲ್ಲಿ ನಿಂತು ಹೇಳಿದ ದೂರು ಎರಡು ವರ್ಷದ ಸರದಿಯ ಜೊತೆಗೇ ಕಳೆದುಹೋಗುತ್ತದೆ.

ಈಗ ಮತ್ತೆ ಆ ಶಾಲೆಯ ಜಗಲಿಗೆ ಬರುತ್ತೇನೆ, ಯಾಕೆಂದರೆ ಪತ್ರದ ಸಮಸ್ಯೆಗಿಂತ ದೊಡ್ಡದೊಂದು ಅಲ್ಲಿತ್ತು. ಅದು ದಿನಗಳ ಲೆಕ್ಕ.

ಸರ್ಕಾರಿ ಕೋಟಾದ ಬಿ.ಎಡ್. ಸೀಟುಗಳನ್ನು ಹಂಚುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. ಪದವಿ ಫಲಿತಾಂಶ ಬರಬೇಕು, ಅರ್ಜಿ, ದಾಖಲೆ ಪರಿಶೀಲನೆ, ಸುತ್ತಿನ ಮೇಲೆ ಸುತ್ತು. ಪ್ರವೇಶ ಮುಗಿಯುವಾಗ ಶಾಲೆಗಳ ವರ್ಷ ಅರ್ಧ ಕಳೆದಿರುತ್ತದೆ. ಅಲ್ಲಿಂದ ಶುರುವಾದ ವಿಶ್ವವಿದ್ಯಾಲಯದ ಸೆಮಿಸ್ಟರಿಗೂ ಶಾಲೆಯ ವರ್ಷಕ್ಕೂ ತಾಳೆಯೇ ಆಗುವುದಿಲ್ಲ. ಶಾಲೆ ಜೂನ್ ಹೊತ್ತಿಗೆ ಸೇತುಬಂಧದಿಂದ ಶುರುವಾಗುತ್ತದೆ. ಹಿಂದಿನ ತರಗತಿಯಲ್ಲಿ ಮಕ್ಕಳು ಏನು ಕಲಿತಿಲ್ಲ ಅಂತ ಹುಡುಕಿ, ಆ ಕಂದಕವನ್ನು ಮುಚ್ಚುವ ವಾರಗಳು ಅವು. ಹೊಸ ಶಿಕ್ಷಕರು ಕಲಿಯಬೇಕಾದ ಕೆಲಸ ಇದ್ದರೆ ಅದೇ. ನಮ್ಮ ವಿದ್ಯಾರ್ಥಿಗಳು ಆಗ ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿರುತ್ತಾರೆ. ಅವರು ಶಾಲೆಗೆ ಹೋಗುವ ಹೊತ್ತಿಗೆ ಸಂಕಲನಾತ್ಮಕ ಪರೀಕ್ಷೆ, ಅಂದರೆ ಶಾಲೆಯ ಅರ್ಧವರ್ಷದ ಪರೀಕ್ಷೆ, ಬಂದಿರುತ್ತದೆ, ಹಿಂದೆಯೇ ದಸರಾ ರಜೆ. 16 ವಾರ ಅಂತ ಕಾಗದದಲ್ಲಿ ಇದ್ದದ್ದು ತರಗತಿಯಲ್ಲಿ ಎಷ್ಟೋ ಕಡಿಮೆ ಆಗುತ್ತದೆ. ಪಠ್ಯಪುಸ್ತಕದ ಅರ್ಧಕ್ಕೆ ಹೋಗಿ, ಮುಗಿಯುವ ಮೊದಲೇ ಎದ್ದು ಬರುತ್ತಾರೆ.

ಎನ್‌ಸಿಟಿಇ ವಾರಗಳ ಸಂಖ್ಯೆ ಹೇಳಿದೆ, ತಿಂಗಳನ್ನು ಹೇಳಿಲ್ಲ. ವಿಶ್ವವಿದ್ಯಾಲಯದ ವೇಳಾಪಟ್ಟಿ ಎಲ್ಲ ಕೋರ್ಸುಗಳಿಗೂ ಸೇರಿ ತಯಾರಾಗುತ್ತದೆ. ಶಾಲೆಯ ವೇಳಾಪಟ್ಟಿ ಇಲಾಖೆಯದು. ಮೂವರಲ್ಲಿ ಯಾರೂ ನಿಯಮ ಮುರಿದಿಲ್ಲ, ಆದರೂ ಸೇತುಬಂಧವನ್ನೇ ನೋಡದ ಶಿಕ್ಷಕರು ಪದವಿ ಪಡೆದು ಹೊರಗೆ ಹೋಗುತ್ತಿದ್ದಾರೆ.

ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಕೋರ್ಸು, ಐಟಿಇಪಿ, ಬಂದರೆ ಇದು ಸರಿಹೋಗುತ್ತೆ ಅನ್ನುವವರಿದ್ದಾರೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ದಶಕಗಳಿಂದ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ನಡೆದಿದೆ. 1963ರಲ್ಲಿ ಶುರುವಾದ ಆ ಸಂಸ್ಥೆ ಕೇಂದ್ರದ ಎನ್‌ಸಿಇಆರ್‌ಟಿಗೆ (ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು) ಸೇರಿದ್ದು, ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ, ಮುಖ್ಯವಾಗಿ ಅದರ ಆವರಣದಲ್ಲೇ ಅದರದೇ ಶಾಲೆ ಇದೆ. ಮೇಲೆ ಹೇಳಿದ ಪತ್ರದ ತಾಪತ್ರಯ ಆ ಒಂದು ಶಾಲೆಯ ಮಟ್ಟಿಗೆ ಇಲ್ಲ. ಉಳಿದ ವಿಶ್ವವಿದ್ಯಾಲಯಗಳಲ್ಲಿ ಐಟಿಇಪಿ ಅಂದರೆ ಶಿಕ್ಷಣ ವಿಭಾಗ ಒಂಟಿಯಾಗಿ ಮಾಡುವ ಕೆಲಸ ಅಲ್ಲ. ಭೌತಶಾಸ್ತ್ರ, ಕನ್ನಡ, ಇತಿಹಾಸದವರು ಬಂದು ಪಾಠ ಮಾಡಬೇಕು. ಆ ಅಧ್ಯಾಪಕರ ಸಮಯ ಯಾರ ಕೈಲಿ, ವೇಳಾಪಟ್ಟಿ ಯಾರು ಹಾಕಬೇಕು, ವಿದ್ಯಾರ್ಥಿ ಯಾವ ನಿಕಾಯಕ್ಕೆ ಸೇರಿದವರು, ಇವನ್ನು ಮೊದಲೇ ಬರೆದಿಟ್ಟುಕೊಳ್ಳದೆ ಶುರು ಮಾಡಿದರೆ ಜಗಲಿಯಲ್ಲಿ ಕೂರುವವರ ಸಂಖ್ಯೆ ಇನ್ನೂ ಹೆಚ್ಚಾಗುತ್ತದೆ.

ಜಗಲಿಯ ಆ ಮೂರು ದಿನ ಆದ ಮೇಲೆ ನಾವು ವಿಭಾಗದ ಮಂಡಳಿಯಲ್ಲಿ ಎರಡು ನಿರ್ಣಯ ಮಾಡಿದೆವು. ಎರಡಕ್ಕೂ ದೆಹಲಿಯ ಅಪ್ಪಣೆ ಬೇಕಿರಲಿಲ್ಲ. ಒಂದು, ಡಿಡಿಪಿಐ ಕಚೇರಿಗೆ ಶಾಲೆಗಳ ಪಟ್ಟಿ, ವಿದ್ಯಾರ್ಥಿಗಳ ಪಟ್ಟಿ ಎರಡೂ ಇಂಟರ್ನ್‌ಶಿಪ್‌ಗೆ ಎರಡು ತಿಂಗಳು ಮೊದಲೇ ಹೋಗಬೇಕು, ಪ್ರತಿ ಬಿಇಒ ಕಚೇರಿಗೂ ಅದರ ನಕಲು ಹೋಗಬೇಕು. ಎರಡು, ನಮ್ಮ ಹುಡುಗರು ಹೋಗುವ ಶಾಲೆಗಳ ಹೆಡ್ ಮೇಷ್ಟ್ರುಗಳನ್ನು ವಿಭಾಗಕ್ಕೆ ಕರೆದು ಒಂದು ದಿನ ಮಾತಾಡಬೇಕು, ಅವರು ಹೇಳಿದ್ದು ನಡಾವಳಿಗೆ ಹೋಗಬೇಕು.

ಹನ್ನೊಂದು ಜನ ಬಂದಿದ್ದರು. ಅವರು ಮೊದಲು ಎತ್ತಿದ್ದು ಪತ್ರದ ವಿಷಯ ಅಲ್ಲ. "ನಿಮ್ಮವರು ಬಂದಾಗ ನಮಗೆ ಪರೀಕ್ಷೆ, ನಮಗೆ ಕೈ ಬೇಕಾದಾಗ ನಿಮ್ಮವರು ಇಲ್ಲ. ಜೂನ್‌ನಲ್ಲಿ ಎರಡು ವಾರ ಕಳಿಸಿ ಸಾರ್, ಸೇತುಬಂಧಕ್ಕೆ" ಅಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ಮೊದಲ ವರ್ಷದ ನಾಲ್ಕು ವಾರಗಳಲ್ಲಿ ಎರಡನ್ನು ಜೂನ್‌ಗೆ ಇಡಲು ಈಗ ಬಿಒಎಸ್‌ಗೆ ಬರೆದಿದ್ದೇವೆ. ಕಾಗದ ಸದ್ಯಕ್ಕೆ ಡೀನ್ ಮೇಜಿನ ಮೇಲಿದೆ.